ಪ್ರತಿ ಏಪ್ರಿಲ್ ಒಂದಕ್ಕೆ ಹೊಸಬರಾಗುವ ದಾದಿಯರು

ಒಂದು ಊರಿನ ಆರೋಗ್ಯ ಸೇವೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಡದಿಂದ ಶುರುಮಾಡುತ್ತಾರೆ. ಶಂಕುಸ್ಥಾಪನೆ ಯಾವಾಗ ಆಯಿತು, ಉದ್ಘಾಟಿಸಿದ ಸಚಿವರು ಯಾರು, ಜಾಗ ಬಿಟ್ಟುಕೊಟ್ಟ ಮನೆತನ ಯಾವುದು, ಮೊದಲು ಬಂದ ವೈದ್ಯರು ಯಾರು ಎಂಬುದೆಲ್ಲ ಕ್ರಮವಾಗಿ ಬರುತ್ತದೆ. ದಾದಿಯರ ಸರದಿ ಬರುವುದು ಕೊನೆಯ ಪುಟದ ಸಿಬ್ಬಂದಿ ಪಟ್ಟಿಯಲ್ಲಿ. ಅಲ್ಲಿಯೂ ಆ ವರ್ಷ ಕೆಲಸದಲ್ಲಿದ್ದವರ ಹೆಸರಷ್ಟೇ ಇರುತ್ತದೆ. ಎಲ್ಲಿಂದ ಬಂದರು, ಎಷ್ಟು ವರ್ಷ ನಿಂತರು, ಯಾಕೆ ಹೋದರು ಎಂಬುದಿಲ್ಲ. ಈ ಲೇಖನಕ್ಕೆ ಆ ಬಿಟ್ಟುಹೋದ ವಿವರವೇ ಮುಖ್ಯ. ನನ್ನ ವಾದ ಇಷ್ಟು: ಸುಳ್ಯ ಸೀಮೆಯ ಹಳ್ಳಿಗಳಲ್ಲಿ ಸರಕಾರಿ ಆರೋಗ್ಯ ಸೇವೆ ಎಂದರೆ ಬಹುಪಾಲು ದಾದಿಯರ ಸೇವೆ. ಆ ಸೇವೆಯ ನಿಜವಾದ ಬೆಲೆ ಅವರು ಒಂದೇ ಊರಿನಲ್ಲಿ ಎಷ್ಟು ಕಾಲ ನೆಲೆನಿಂತರು ಎಂಬುದರಲ್ಲಿದೆ. ಕಳೆದ ಎರಡು ದಶಕಗಳ ನೇಮಕಾತಿ ಪದ್ಧತಿ ದಾದಿಯರನ್ನು ತಂದುಕೊಟ್ಟಿತು, ಆದರೆ ಅವರ ನೆಲೆಯನ್ನು ಕಿತ್ತುಕೊಂಡಿತು.

ಸುಳ್ಯ ತಾಲೂಕಿನ ಗಡಿ ಗ್ರಾಮ ಜಾಲ್ಸೂರನ್ನು ಇಟ್ಟುಕೊಂಡು ಇದನ್ನು ಹೇಳುವುದಕ್ಕೆ ಕಾರಣವಿದೆ. ಕಾಸರಗೋಡಿನ ಚೆರ್ಕಳದಿಂದ ಬೋವಿಕ್ಕಾನ, ಮುಳ್ಳೇರಿಯ ದಾಟಿ ಬರುವ ರಸ್ತೆ ಮಾಣಿ–ಮೈಸೂರು ಹೆದ್ದಾರಿಯನ್ನು ಕೂಡುವುದು ಇಲ್ಲಿ. ಒಂದೇ ದಿನದಲ್ಲಿ ತುಳು, ಅರೆಭಾಷೆ, ಮಲಯಾಳ, ಬ್ಯಾರಿ, ಕನ್ನಡ ಇಷ್ಟೂ ಕಿವಿಗೆ ಬೀಳುವ ಜಾಗ. ಸುತ್ತಲಿನ ರಬ್ಬರ್ ತೋಟಗಳಲ್ಲಿ, 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕುಟುಂಬಗಳೂ ಇವೆ. ಮನೆಗಳು ಸಾಲಾಗಿಲ್ಲ, ಅಡಿಕೆ ತೋಟದ ನಡುವೆ ಒಂದೊಂದು, ಗುಡ್ಡದ ಮೇಲೊಂದು, ತೋಡಿನಾಚೆ ಇನ್ನೊಂದು. ಉಪಕೇಂದ್ರಕ್ಕೆ ಬಯಲು ಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನಸಂಖ್ಯೆ ಎಂದು ಸರಕಾರದ ಮಾನದಂಡ ಹೇಳುತ್ತದೆ. ಆದರೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ಯಾವ ಪಾಲ ದಾಟಬಹುದು, ಯಾವ ಮನೆಯ ಬಸುರಿಗೆ ಹಿಂದಿನ ಹೆರಿಗೆಯಲ್ಲಿ ರಕ್ತಸ್ರಾವವಾಗಿತ್ತು, ಯಾವ ಮನೆಯಲ್ಲಿ ಅತ್ತೆಯನ್ನು ಒಪ್ಪಿಸದೆ ಸೊಸೆಗೆ ಚುಚ್ಚುಮದ್ದು ಕೊಡಲಾಗದು ಎಂಬುದು ಯಾವ ಮಾನದಂಡದಲ್ಲೂ ಇಲ್ಲ. ಅದು ತಾಯಿ ಕಾರ್ಡಿನಲ್ಲೂ ಇಲ್ಲ, ಟ್ಯಾಬ್‌ನಲ್ಲಿ ತುಂಬುವ ನೋಂದಣಿಯಲ್ಲೂ ಇಲ್ಲ. ಅದು ದಾದಿಯ ನೆನಪಿನಲ್ಲಿದೆ. ಅವರು ಹೋದ ದಿನ ಅದೂ ಹೋಗುತ್ತದೆ, ಮತ್ತು ಯಾವ ಲೆಕ್ಕಪರಿಶೋಧನೆಯೂ ಈ ನಷ್ಟವನ್ನು ಬರೆದಿಡುವುದಿಲ್ಲ.

ಹಿಂದಿನದನ್ನು ಸ್ವಲ್ಪ ನೋಡಬೇಕು. ಈ ಸೀಮೆ 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ದಾದಿಯರನ್ನು ಮತ್ತು ಪ್ರಸೂತಿ ದಾದಿಯರನ್ನು ನೋಂದಾಯಿಸುವ ಕಾನೂನನ್ನು ಮದ್ರಾಸ್ 1926ರಲ್ಲೇ ಮಾಡಿತ್ತು. 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆ ತಾಯಿ ಮಕ್ಕಳ ಆರೈಕೆಯನ್ನು ಸ್ಥಳೀಯ ಸಂಸ್ಥೆಗಳ ಹೊಣೆಯೆಂದು ಗುರುತಿಸಿತು. ಹೊಣೆ ಕಾಗದಕ್ಕೆ ಬಂತು. ಅದನ್ನು ಹೊರುವ ಕೈಗಳಿರಲಿಲ್ಲ. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 7,000 ದಾದಿಯರನ್ನು ಲೆಕ್ಕಹಾಕಿತು. ಅಂದರೆ 43,000 ಜನರಿಗೆ ಒಬ್ಬರು. ಆ ಸಮಿತಿಯನ್ನು ನಾವು ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆಗಾಗಿ ನೆನೆಯುತ್ತೇವೆ. ಆದರೆ ಅದು ಹಾಕಿಕೊಟ್ಟ ಸಿಬ್ಬಂದಿ ಲೆಕ್ಕವನ್ನು ಮರೆತಿದ್ದೇವೆ. 40,000 ಜನರ ಒಂದು ಕೇಂದ್ರಕ್ಕೆ ಇಬ್ಬರು ವೈದ್ಯರು. ಅವರ ಜೊತೆಗೆ ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ಒಬ್ಬ ಆಸ್ಪತ್ರೆ ದಾದಿ, ನಾಲ್ವರು ಪ್ರಸೂತಿ ದಾದಿಯರು, ಮತ್ತೆ ತರಬೇತಿ ಪಡೆದ ನಾಲ್ವರು ಸೂಲಗಿತ್ತಿಯರು. ಆರೋಗ್ಯ ಕೇಂದ್ರವೆಂದರೆ ವೈದ್ಯರು ಸಹಾಯ ಮಾಡುವ ದಾದಿಯರ ಕೇಂದ್ರ ಎಂದೇ ಆ ಸಮಿತಿ ಯೋಚಿಸಿತ್ತೆಂದು ಈ ಲೆಕ್ಕದಿಂದ ನನಗೆ ತೋರುತ್ತದೆ. ಬಹುಕಾಲ ನಾವು ಆ ಪ್ರಮಾಣವನ್ನು ಮುಟ್ಟಲಿಲ್ಲ.

ಪೂರ್ಣ ಶಿಕ್ಷಣದ ದಾದಿಯರು ಸಿಗದಿದ್ದಾಗ ದೇಶ ಕಂಡುಕೊಂಡ ದಾರಿ ಎಎನ್‌ಎಂ, ಅಂದರೆ ಸಹಾಯಕ ಶುಶ್ರೂಷಕಿ ಮತ್ತು ಪ್ರಸೂತಿ ದಾದಿ. 1950ರ ದಶಕದ ಆರಂಭದಲ್ಲಿ ಶುರುವಾದ ಎರಡು ವರ್ಷದ ತರಬೇತಿಯಿಂದ ಬಂದ ಈ ಹೆಣ್ಣುಮಕ್ಕಳೇ ಹಳ್ಳಿಗಳಿಗೆ ಮೊದಲ ಸರಕಾರಿ ದಾದಿಯರು. 1973ರ ಕರ್ತಾರ್ ಸಿಂಗ್ ಸಮಿತಿ ಅವರ ಕೆಲಸವನ್ನು ಹೆರಿಗೆಯಿಂದಾಚೆಗೆ ವಿಸ್ತರಿಸಿತು. ಮಲೇರಿಯಾ, ಲಸಿಕೆ, ಕುಟುಂಬ ಯೋಜನೆ ಎಲ್ಲವೂ ಒಬ್ಬರ ಹೆಗಲಿಗೆ ಬಿತ್ತು. ಕರ್ನಾಟಕದಲ್ಲಿ ಅವರು ಕಿರಿಯ ಆರೋಗ್ಯ ಸಹಾಯಕಿಯರಾದರು, ಇತ್ತೀಚೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು. ಹೆಸರು ಬದಲಾದಾಗಲೆಲ್ಲ ಕೆಲಸದ ಪಟ್ಟಿ ಉದ್ದವಾಯಿತು. ಆದರೂ ಆ ಕಾಲದ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ಹುದ್ದೆಗಳು ಕಡಿಮೆ, ಸಂಬಳ ಕಡಿಮೆ, ವಸತಿ ಸೋರುತ್ತಿತ್ತು. ಆದರೆ ಹುದ್ದೆ ಮಂಜೂರಾದದ್ದು, ನೇಮಕವಾದವರು ಖಾಯಂ. ಇಪ್ಪತ್ತು ವರ್ಷ ಒಂದೇ ವಲಯದಲ್ಲಿ ದುಡಿದು, ತಾವು ಚುಚ್ಚುಮದ್ದು ಕೊಟ್ಟ ಮಗುವಿನ ಮಗುವಿಗೂ ಚುಚ್ಚುಮದ್ದು ಕೊಡುವುದು ಆಗ ಸಾಧ್ಯವಿತ್ತು.

1990ರ ದಶಕದಲ್ಲಿ ಚಿತ್ರ ಬದಲಾಯಿತು. 1996ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಆರಂಭವಾದ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ತಾಲೂಕು ಆಸ್ಪತ್ರೆಗಳಿಗೆ ಕಟ್ಟಡವನ್ನೂ ಉಪಕರಣಗಳನ್ನೂ ತಂದಿತು. ಅದು ಬೇಕಿತ್ತು. ಆದರೆ ಒಳಗೆ ದುಡಿಯುವವರ ಹುದ್ದೆಗಳು ಅದೇ ವೇಗದಲ್ಲಿ ಬೆಳೆಯಲಿಲ್ಲ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿ ಖಾಲಿ ಹುದ್ದೆಗಳನ್ನು ರಾಜ್ಯದ ಆರೋಗ್ಯ ಸೇವೆಯ ದೊಡ್ಡ ರೋಗಗಳಲ್ಲಿ ಒಂದೆಂದು ಗುರುತಿಸಿತು. ಆಗ ಬಂದದ್ದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, 2005ರ ಏಪ್ರಿಲ್ 12ರಂದು. ಹಗಲೂ ರಾತ್ರಿ ತೆರೆದಿರಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೂವರು ಶುಶ್ರೂಷಕಿಯರು ಎಂದು ಅದು ಹೇಳಿತು. ಮೂರು ಪಾಳಿಗೆ ಮೂರು ಜನ. ಯಾರೂ ರಜೆ ಹಾಕದಿದ್ದರೆ, ಯಾರಿಗೂ ಕಾಯಿಲೆ ಬಾರದಿದ್ದರೆ ಸರಿಹೋಗುವ ಲೆಕ್ಕ. ಹಾಗಿದ್ದರೂ ಬೆಳ್ಳಾರೆ, ಗುತ್ತಿಗಾರು, ಅರಂತೋಡು, ಕೊಲ್ಲಮೊಗ್ರದಂಥ ಕಡೆ ಆರೋಗ್ಯ ಕೇಂದ್ರವನ್ನು ನಂಬಿರುವ ಜನರಿಗೆ, ರಾತ್ರಿ ಬಾಗಿಲು ತಟ್ಟಿದರೆ ತೆರೆಯಲು ಒಬ್ಬರಿರುತ್ತಾರೆ ಎಂಬುದೇ ದೊಡ್ಡ ಮಾತು. ಈ ಅಭಿಯಾನ ಸಾಧಿಸಿದ್ದನ್ನು ಅಲ್ಲಗಳೆಯುವವನು ನಾನಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆಯ ಪ್ರಮಾಣ 2005–06ರಲ್ಲಿ ಶೇ. 65ರ ಆಸುಪಾಸಿನಲ್ಲಿತ್ತು, 2019–20ರ ಹೊತ್ತಿಗೆ ಶೇ. 97 ಆಯಿತು. 1 ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಜನನಿ ಸುರಕ್ಷಾ ಯೋಜನೆಯ ಹಣ, ಆಶಾ ಕಾರ್ಯಕರ್ತೆಯರ ಓಡಾಟ, 2008ರಿಂದ ಬಂದ 108 ಆಂಬುಲೆನ್ಸ್ ಇವೆಲ್ಲ ಸೇರಿ ಆದ ಕೆಲಸ ಅದು. ಆದರೆ ಆಂಬುಲೆನ್ಸ್ ತಂದು ಇಳಿಸಿದ ಹೆಂಗಸನ್ನು ಒಳಗೆ ಕರೆದುಕೊಂಡವರು, ಬಹಳ ಕಡೆ, ಗುತ್ತಿಗೆಯ ಮೇಲೆ ನೇಮಕಗೊಂಡ ದಾದಿಯರು.

ಈ ಗುತ್ತಿಗೆಯ ಸ್ವರೂಪವನ್ನು ಅರ್ಥಮಾಡಿಕೊಳ್ಳದೆ ಮುಂದೆ ಹೋಗಲಾಗದು. ಅಭಿಯಾನದ ಹಣ ಬರುವುದು ವಾರ್ಷಿಕ ಕಾರ್ಯಕ್ರಮ ಅನುಷ್ಠಾನ ಯೋಜನೆಯ ಮೂಲಕ. ರಾಜ್ಯ ಬೇಡಿಕೆ ಸಲ್ಲಿಸುತ್ತದೆ, ಕೇಂದ್ರ ಮಂಜೂರು ಮಾಡುತ್ತದೆ. 2015–16ರಿಂದ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಅಭಿಯಾನಕ್ಕೆ ಮುಕ್ತಾಯದ ದಿನವಿದೆ ಎಂಬ ಊಹೆಯ ಮೇಲೆ ಹುದ್ದೆಗಳನ್ನೂ ತಾತ್ಕಾಲಿಕವಾಗಿಟ್ಟರು. ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ, ಏಪ್ರಿಲ್‌ನಲ್ಲಿ ಮುಂದುವರಿಕೆಯ ಆದೇಶ ಬರುತ್ತದೆ. ಅಭಿಯಾನವೇನೋ ಮುಗಿಯಲಿಲ್ಲ. 2013ರಲ್ಲಿ ನಗರಗಳನ್ನೂ ಸೇರಿಸಿಕೊಂಡು ರಾಷ್ಟ್ರೀಯ ಆರೋಗ್ಯ ಅಭಿಯಾನವಾಗಿ ಬೆಳೆಯಿತು. 2018ರಿಂದ ಉಪಕೇಂದ್ರಗಳೇ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ, ಅಲ್ಲಿಗೆ ಬಿಎಸ್ಸಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ಅವರೂ ಗುತ್ತಿಗೆಯವರೇ, ಅವರ ಸಂಬಳದ ಒಂದು ಭಾಗ ಗುರಿ ಮುಟ್ಟಿದರೆ ಮಾತ್ರ ಸಿಗುವ ಪ್ರೋತ್ಸಾಹಧನ. ಕೆಲಸ ಶಾಶ್ವತ, ಕಟ್ಟಡ ಶಾಶ್ವತ, ರೋಗವೂ ಶಾಶ್ವತ. ದಾದಿ ಮಾತ್ರ ಹನ್ನೆರಡು ತಿಂಗಳಿಗೆ. ಹತ್ತು ಹದಿನೈದು ವರ್ಷ ದುಡಿದವರೂ ಕಡತದಲ್ಲಿ ಪ್ರತಿ ಏಪ್ರಿಲ್‌ಗೆ ಹೊಸಬರು.

ಇದರ ಪರಿಣಾಮ ಸಂಬಳಕ್ಕಿಂತ ಆಳವಾದದ್ದು. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂದು ತಿಳಿಯದವರು ಮನೆ ಕಟ್ಟಿಸಲು ಸಾಲ ಕೇಳಲಾರರು, ಮಕ್ಕಳನ್ನು ಆ ಊರಿನ ಶಾಲೆಗೆ ಧೈರ್ಯವಾಗಿ ಸೇರಿಸಲಾರರು. ಒಂದೇ ಹೆರಿಗೆ ಕೋಣೆಯಲ್ಲಿ ಒಂದೇ ಪಾಳಿ ಮಾಡುವ ಇಬ್ಬರಲ್ಲಿ ಒಬ್ಬರಿಗೆ ವೇತನ ಶ್ರೇಣಿ, ಪಿಂಚಣಿ ಇರುತ್ತದೆ, ಇನ್ನೊಬ್ಬರಿಗೆ ಗೌರವಧನ. ಒಂದೇ ಕೆಲಸಕ್ಕೆ ಒಂದೇ ವೇತನ ಎಂಬ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಮುಂದುವರಿಯಬೇಕೆಂದು 2023ರಲ್ಲಿ ಕವಿತಾ ಯಾದವ್ ಪ್ರಕರಣದಲ್ಲಿ ಹೇಳಬೇಕಾಯಿತು. ಸಾವಿರಾರು ತಾಯಂದಿರ ಬಾಣಂತನ ನೋಡಿಕೊಳ್ಳುವ ವ್ಯವಸ್ಥೆಯಲ್ಲಿ ದುಡಿಯುವವರ ಬಾಣಂತನದ ಹಕ್ಕನ್ನು ದೇಶದ ಅತ್ಯುನ್ನತ ನ್ಯಾಯಾಲಯ ಎತ್ತಿಹಿಡಿಯಬೇಕಾಗಿ ಬಂದದ್ದು ನೋವಿನ ಸಂಗತಿ. ಇಂಥ ಸ್ಥಿತಿಯಲ್ಲಿ ಚುರುಕಾದವರು ಏನು ಮಾಡುತ್ತಾರೆ? ಮಂಗಳೂರಿನ ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿಂದ ಕೊಲ್ಲಿ ರಾಷ್ಟ್ರಗಳಿಗೆ, ಇಂಗ್ಲೆಂಡಿಗೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಜಗತ್ತಿನಲ್ಲಿ 59 ಲಕ್ಷ ದಾದಿಯರ ಕೊರತೆಯಿದೆ ಎಂದಿತ್ತು. ಅವರನ್ನು ಕರೆಯುವ ಕೈಗಳಿಗೆ ಬರವಿಲ್ಲ.

ದಾದಿಯರ ಸಂಖ್ಯೆ ರೋಗಿಯ ಬದುಕು ಸಾವಿನ ಪ್ರಶ್ನೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳನ್ನು ನೋಡಿ ಲಿಂಡಾ ಏಕೆನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಾದಿಯೊಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ. ಅದು ದೊಡ್ಡ ಆಸ್ಪತ್ರೆಗಳ ಲೆಕ್ಕ, ನಮ್ಮ ಉಪಕೇಂದ್ರಕ್ಕೆ ನೇರವಾಗಿ ಹೊಂದಿಸಲಾಗದು. ಆದರೆ ದಾದಿಯರ ವೆಚ್ಚವನ್ನು ಕಡಿತ ಮಾಡಬಹುದಾದ ಬಾಬತ್ತೆಂದು ನೋಡುವವರಿಗೆ ಅದು ಉತ್ತರ. ನಮ್ಮಲ್ಲಿ ಇದರ ಪರೀಕ್ಷೆಯಾದದ್ದು ಕೋವಿಡ್ ಕಾಲದಲ್ಲಿ. 2021ರ ಫೆಬ್ರವರಿಯಲ್ಲಿ ಕೇರಳದಿಂದ ದಕ್ಷಿಣ ಕನ್ನಡಕ್ಕೆ ಬರಲು ನಾಲ್ಕೇ ದಾರಿಗಳನ್ನು ತೆರೆದಿಟ್ಟಾಗ ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರಿನ ಜೊತೆಗೆ ಜಾಲ್ಸೂರೂ ಅದರಲ್ಲಿ ಒಂದಾಯಿತು. ಗಡಿ ಎಂಬುದು ಆಡಳಿತಕ್ಕೆ ರೇಖೆ; ಅಡೂರು, ದೇಲಂಪಾಡಿ ಕಡೆಯವರಿಗೆ ಸುಳ್ಯ ಅವರದೇ ಪೇಟೆ, ಅವರದೇ ಆಸ್ಪತ್ರೆ. ಬಂದವರ ಮಾತು ತಿಳಿದು, ಮನೆ ಯಾವ ಕಡೆ ಎಂದು ಗೊತ್ತಿದ್ದು, ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಆಗ ದಾದಿಯರದೂ ಆಶಾಗಳದೂ ಆಗಿತ್ತು. ರಾಜ್ಯಗಳು ಅವಸರದಲ್ಲಿ ಕೆಲವು ತಿಂಗಳ ಮಟ್ಟಿಗೆ ನೇಮಿಸಿಕೊಂಡವರನ್ನು ಅಲೆ ಇಳಿದ ಮೇಲೆ ಮನೆಗೆ ಕಳುಹಿಸಿದವು. ಅಷ್ಟರಲ್ಲಿ ಅವರು ಕಲಿತದ್ದನ್ನು ಉಳಿಸಿಕೊಳ್ಳುವ ಯೋಚನೆ ಬಹಳ ಕಡೆ ಬರಲಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ಕಾನೂನಿನದು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಮಾದೇವಿ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಪ್ರತಿ ಬಾರಿಯೂ ಎದುರಿಗಿಡಲಾಗುತ್ತದೆ: ಎಷ್ಟು ವರ್ಷ ದುಡಿದರೂ ತಾತ್ಕಾಲಿಕ ನೌಕರರಿಗೆ ಖಾಯಂ ಆಗುವ ಹಕ್ಕಿಲ್ಲ, ಸಂವಿಧಾನದ 14 ಮತ್ತು 16ನೇ ವಿಧಿಗಳಂತೆ ಎಲ್ಲರಿಗೂ ಸ್ಪರ್ಧಿಸುವ ಅವಕಾಶವಿರಬೇಕು. ಆ ಪ್ರಕರಣ ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದು. ಹಿಂಬಾಗಿಲ ನೇಮಕಾತಿ ತಡೆಯಬೇಕೆಂಬ ಅದರ ಕಾಳಜಿ ಸರಿಯಾದದ್ದು. ಹೊರಗೆ ಕಾದಿರುವ ನಿರುದ್ಯೋಗಿ ದಾದಿಯ ಹಕ್ಕೂ ಹಕ್ಕೇ. ಆದರೆ ಆ ತೀರ್ಪನ್ನು ಪೂರ್ತಿ ಓದುವವರು ಕಡಿಮೆ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಯ ಕ್ರಮವಾಗಿ ಖಾಯಂಗೊಳಿಸಲು ಅದು ದಾರಿ ಬಿಟ್ಟಿತು. ಆ ವಾಣಿಜ್ಯ ತೆರಿಗೆ ನೌಕರರಿಗೇ, ಮುಂದೆ ಹುದ್ದೆಗಳನ್ನು ಕ್ರಮಬದ್ಧವಾಗಿ ತುಂಬುವಾಗ ವಯೋಮಿತಿ ಸಡಿಲಿಸಿ, ಸಲ್ಲಿಸಿದ ಸೇವೆಗೆ ಒಂದಷ್ಟು ಆದ್ಯತೆ ಕೊಟ್ಟು ಸ್ಪರ್ಧಿಸಲು ಬಿಡಬೇಕೆಂದು ಹೇಳಿತು. ಅಂದರೆ ಸೇವಾನುಭವಕ್ಕೆ ಅಂಕ ಕೊಡುವುದು ಆ ತೀರ್ಪಿಗೆ ವಿರುದ್ಧವಲ್ಲ, ಅದರೊಳಗೇ ಇರುವ ಮಾತು. 2024ರ ಡಿಸೆಂಬರ್‌ನಲ್ಲಿ ಜಗ್ಗೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೀರ್ಘಕಾಲ ದುಡಿದವರಿಗೆ ನ್ಯಾಯ ನಿರಾಕರಿಸಲು ಉಮಾದೇವಿ ತೀರ್ಪನ್ನು ಅಸ್ತ್ರ ಮಾಡಿಕೊಳ್ಳುತ್ತಿರುವುದನ್ನು ಕಟುವಾಗಿಯೇ ಟೀಕಿಸಿತು. ಆದ್ದರಿಂದ ಕಾನೂನು ಅಡ್ಡ ಬಂದಿದೆ ಎನ್ನುವುದಕ್ಕಿಂತ, ಕಾನೂನು ತೆರೆದ ಬಾಗಿಲನ್ನು ನಾವು ಬಳಸಿಲ್ಲ ಎನ್ನುವುದೇ ನಿಜ.

ಎರಡನೆಯದು ಶಿಸ್ತಿನ ಮಾತು: ಖಾಯಂ ಆದವರು ಕೆಲಸ ಮಾಡುವುದಿಲ್ಲ, ವರ್ಷಕ್ಕೊಮ್ಮೆ ನವೀಕರಣವಿದ್ದರೆ ಭಯವಿರುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಅಸಡ್ಡೆ ಕಂಡ ಜನ ಇದನ್ನು ಹೇಳಿದಾಗ ತಳ್ಳಿಹಾಕಬಾರದು. ಆದರೆ ಭಯ ಯಾರ ಮೇಲಿನದು ಎಂದು ಕೇಳಬೇಕು. ನವೀಕರಣದ ಸಹಿ ಮಾಡುವವರು ಮೇಲಧಿಕಾರಿ, ರೋಗಿಯಲ್ಲ. ಆ ಭಯ ದಾದಿಯನ್ನು ಅಧಿಕಾರಿಗೆ ವಿಧೇಯರನ್ನಾಗಿಸುತ್ತದೆ, ನೋಂದಣಿಯ ಗುರಿಗಳನ್ನು ಹೇಗಾದರೂ ತುಂಬಿಸುವಂತೆ ಮಾಡುತ್ತದೆ. ಔಷಧ ಮುಗಿದಿದೆ, ಫ್ರಿಜ್ ಕೆಟ್ಟಿದೆ, ಲಸಿಕೆಯ ತಂಪು ಕಾಪಾಡಲಾಗಲಿಲ್ಲ ಎಂದು ಬರೆದುಕೊಡುವ ಧೈರ್ಯವನ್ನು ಕಸಿಯುತ್ತದೆ. ರೋಗಿಗೆ ಬೇಕಾದದ್ದು ಈ ಕೊನೆಯ ಧೈರ್ಯ. ಅಸಡ್ಡೆಗೆ ಶಿಕ್ಷೆ ಕೊಡಲು ಸೇವಾ ನಿಯಮಗಳಿವೆ. ಅವನ್ನು ಬಳಸದ ಮೇಲಿನವರ ಸೋಮಾರಿತನಕ್ಕೆ ಕೆಳಗಿನವರ ನೌಕರಿಯನ್ನು ತೂಗುಹಾಕುವುದು ಮದ್ದಲ್ಲ. ಹಣದ ಆಕ್ಷೇಪಕ್ಕೆ ಉದ್ದದ ಉತ್ತರ ಬೇಡ. ಖಾಯಂ ಹುದ್ದೆಗೆ ಖರ್ಚು ಹೆಚ್ಚು, ನಿಜ. ಆದರೆ ಪ್ರತಿ ಬಾರಿ ಹೊಸಬರನ್ನು ತರಬೇತಿಗೊಳಿಸುವ ಖರ್ಚು, ಖಾಲಿ ಬಿದ್ದ ಪಾಳಿಯಿಂದ ಸುಳ್ಯಕ್ಕೋ ಮಂಗಳೂರಿಗೋ ಕಳುಹಿಸಬೇಕಾದ ಹೆರಿಗೆಯ ಖರ್ಚು ಯಾರ ಲೆಕ್ಕದಲ್ಲೂ ಇಲ್ಲದ್ದರಿಂದ ಗುತ್ತಿಗೆ ಅಗ್ಗವೆಂದು ಕಾಣುತ್ತದೆ.

ನನಗೆ ಅತ್ಯಂತ ಕಠಿಣವೆನಿಸುವ ಆಕ್ಷೇಪ ಗಡಿಯಾಚೆಯಿಂದ ಬರುತ್ತದೆ. ಕೇರಳದಲ್ಲಿ ಸರಕಾರಿ ದಾದಿಯರ ಖಾಯಂ ನೇಮಕ ಲೋಕಸೇವಾ ಆಯೋಗದ ಮೂಲಕವೇ ಆಗುತ್ತದೆ. ಆದರೂ ಕಾಸರಗೋಡು ಜಿಲ್ಲೆ ಸಿಬ್ಬಂದಿಯ ಕೊರತೆಯಿಂದ ಬಳಲುತ್ತ ಬಂದಿದೆ. ತೆಂಕಣ ಜಿಲ್ಲೆಗಳಿಂದ ನೇಮಕವಾಗಿ ಬಂದವರು ಅವಕಾಶ ಸಿಕ್ಕ ಕೂಡಲೆ ವರ್ಗ ಮಾಡಿಸಿಕೊಂಡು ಹೋಗುತ್ತಾರೆ, ಉಳಿದವರಲ್ಲಿ ಹಲವರಿಗೆ ಕನ್ನಡ, ತುಳು ಬಾರದು. ಹಾಗಾದರೆ ಖಾಯಂ ಮಾಡಿದ ಮಾತ್ರಕ್ಕೆ ದಾದಿ ಊರಿನಲ್ಲಿ ನಿಲ್ಲುತ್ತಾರೆ ಎಂಬ ನನ್ನ ಮಾತು ಬಿದ್ದುಹೋಗಲಿಲ್ಲವೆ? ಪೂರ್ತಿ ಬೀಳಲಿಲ್ಲ, ಆದರೆ ತಿದ್ದಿಕೊಳ್ಳಬೇಕಾಗುತ್ತದೆ. ಭದ್ರತೆಯಿಲ್ಲದೆ ನೆಲೆಯಿಲ್ಲ, ಭದ್ರತೆಯೊಂದರಿಂದಲೇ ನೆಲೆಯಾಗದು. ಕರ್ನಾಟಕ 2011ರಲ್ಲಿ ವೈದ್ಯರು ಮತ್ತು ಇತರ ಆರೋಗ್ಯ ಸಿಬ್ಬಂದಿಯ ವರ್ಗಾವಣೆಗೇ ಪ್ರತ್ಯೇಕ ಕಾಯಿದೆ ಮಾಡಿ, ವಲಯಗಳನ್ನು ಗುರುತಿಸಿ, ಸಮಾಲೋಚನೆಯ ಮೂಲಕ ವರ್ಗ ಮಾಡುವ ಕ್ರಮ ತಂದದ್ದು ಈ ಅರಿವಿನಿಂದಲೇ. ಆದರೆ ಅದು ವಲಯವನ್ನು ನೋಡುತ್ತದೆ, ಭಾಷೆಯನ್ನು ನೋಡುವುದಿಲ್ಲ. ಜಾಲ್ಸೂರಿನಂಥ ಗಡಿ ಗ್ರಾಮಗಳಿಗೆ ಸ್ಥಳೀಯ ಭಾಷೆಗಳಲ್ಲಿ ಎರಡಾದರೂ ಬಲ್ಲವರನ್ನು ಆಯ್ದು, ಅಲ್ಲಿ ಉಳಿಯಲು ಒಪ್ಪಿದವರಿಗೆ ವಾಸಯೋಗ್ಯ ವಸತಿ, ರಾತ್ರಿ ಪಾಳಿಗೆ ರಕ್ಷಣೆ, ಗುಡ್ಡಗಾಡಿನ ಭತ್ಯೆ ಕೊಡಬೇಕು. ಹಾಗೆ ಆಯ್ಕೆಯಾಗಲು ಅರ್ಹರಾದ ಹುಡುಗಿಯರು ಈ ಸೀಮೆಯಲ್ಲಿ ಇಲ್ಲವೆ? ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯ ನಮ್ಮದು. ಸುಳ್ಯ, ಪುತ್ತೂರು, ಕಡಬದ ಮನೆಗಳಿಂದ ಓದಲು ಹೋದ ಹೆಣ್ಣುಮಕ್ಕಳು ಕಡಿಮೆಯಲ್ಲ. ಕೊರತೆ ಇರುವುದು ದಾದಿಯರದ್ದಲ್ಲ, ಅವರು ನಂಬಿ ಮರಳಿ ಬರಬಹುದಾದ ಹುದ್ದೆಗಳದ್ದು.

ಪ್ರತಿ ಏಪ್ರಿಲ್‌ನ ನವೀಕರಣದ ಮಾತು ಬೇರೆ, ಆದರೆ ಮರುನೇಮಕ ಎಂಬುದು ಕೆಟ್ಟದ್ದೇ ಆಗಬೇಕಿಲ್ಲ. ಮದುವೆ, ಮಗು, ವಿದೇಶ ಎಂದು ಕೆಲಸ ಬಿಟ್ಟುಹೋದ ದಾದಿಯರು ಹತ್ತು ವರ್ಷದ ನಂತರ ಹಿಂತಿರುಗಲು ಬಯಸಿದರೆ ಅವರ ಹಿಂದಿನ ಸೇವೆಯನ್ನು ಎಣಿಕೆಗೆ ತೆಗೆದುಕೊಂಡು, ಹೊಸ ಔಷಧ ಮತ್ತು ವಿಧಾನಗಳ ಚಿಕ್ಕ ತರಬೇತಿ ಕೊಟ್ಟು ಸೇರಿಸಿಕೊಳ್ಳುವ ಕ್ರಮ ಇಂಗ್ಲೆಂಡಿನಲ್ಲಿದೆ. 2020ರ ಮಾರ್ಚ್‌ನಲ್ಲಿ ಅಲ್ಲಿ ನಿವೃತ್ತರಿಗೂ ತಾತ್ಕಾಲಿಕ ನೋಂದಣಿ ತೆರೆದರು. ನಮ್ಮಲ್ಲಿ ನಿವೃತ್ತಿಯ ದಿನ ಹಾರ ಹಾಕಿ, ಫಲತಾಂಬೂಲ ಕೊಟ್ಟು ಕಳುಹಿಸಿದ ಮೇಲೆ ಆ ಮೂವತ್ತು ವರ್ಷದ ತಿಳಿವಳಿಕೆಗೆ ಇಲಾಖೆಯಲ್ಲಿ ಕುರ್ಚಿಯಿಲ್ಲ. ಪ್ರತಿ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ ಮತ್ತು ಗ್ರಾಮ ಪಂಚಾಯಿತಿ ಸೇರಿ ಒತ್ತಾಯಿಸಬಹುದಾದ ಒಂದು ಸಣ್ಣ ಬದಲಾವಣೆಯಿದೆ. ನಿವೃತ್ತರಾಗುವ ಅಥವಾ ವರ್ಗವಾಗುವ ದಾದಿಯನ್ನು ಕಳುಹಿಸುವ ಮೊದಲೇ ಆ ಜಾಗಕ್ಕೆ ಬರುವವರನ್ನು ನೇಮಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಂದು ಮಳೆಗಾಲವಾದರೂ ಇಬ್ಬರೂ ಒಟ್ಟಿಗೆ ಮನೆ ಮನೆ ಸುತ್ತಬೇಕು, ಮತ್ತು ಆ ನಾಲ್ಕು ತಿಂಗಳು ಇಬ್ಬರಿಗೂ ಪೂರ್ಣ ಸಂಬಳ ಸಿಗಬೇಕು.